ಊರು ಕೇಳಿದವನ ಕೈಗೆ ಪಾಸ್‌ಪೋರ್ಟ್

ಪರದೇಶದಲ್ಲಿ ಮೋಸ ಮಾಡುತ್ತಾರೆ, ಹುಷಾರು ಎಂದು ಡೊಂಬಿವಲಿಯಲ್ಲಿ ಎಲ್ಲರೂ ಎಚ್ಚರಿಸಿದ್ದರು. ನಾನು ಮೋಸ ಹೋದದ್ದು ನಿಜ. ಆದರೆ ಪರದೇಶದಲ್ಲಿ ಅಲ್ಲ. ಆಗಿನ್ನೂ ವಿಮಾನ ಹತ್ತಿರಲಿಲ್ಲ, ಅದರ ಬಾಲವನ್ನೂ ನೋಡಿರಲಿಲ್ಲ. ಮೋಸ ಮಾಡಿದವನು ನನ್ನನ್ನು ಅಣ್ಣ ಎಂದು ಕರೆದ. ಅಚ್ಚ ಕುಂದಾಪುರದ ಕನ್ನಡದಲ್ಲಿ ಕರೆದ.

ಮೊದಲಿನಿಂದ ಹೇಳುತ್ತೇನೆ.

ಮಸ್ಕತ್ತಿನಲ್ಲಿರುವ ಮಗಳು ಶೈಲಾಳಿಗೆ ಹೆರಿಗೆಯ ದಿನ ಹತ್ತಿರ ಬಂದಿತ್ತು. ಚೊಚ್ಚಲ ಹೆರಿಗೆ. ಮಗಳು ತವರಿಗೆ ಬರುವುದು ಪದ್ಧತಿ. ಆದರೆ ಅಲ್ಲಿನ ಡಾಕ್ಟರು ಅವಳಿಗೆ ವಿಮಾನ ಬೇಡವೇ ಬೇಡ ಎಂದರು. ಹಾಗಾಗಿ ತವರೇ ವಿಮಾನ ಹತ್ತಬೇಕಾಯಿತು. ನಾನು ಮತ್ತು ನನ್ನ ಹೆಂಡತಿ ಸುಮತಿ. ಅವಳು ಬಾಣಂತನ ಮುಗಿಸಿ ಬರುವುದು, ನಾನು ಮಗುವಿನ ಮುಖ ನೋಡಿ ಹಿಂತಿರುಗುವುದು ಎಂದು ತೀರ್ಮಾನ. ಡೊಂಬಿವಲಿಯ ನನ್ನ ಹೋಟೆಲ್ ಬಿಟ್ಟು ಬಹಳ ದಿನ ಇರಲು ನನಗಾಗದು. (ನಾನಿಲ್ಲದೆ ಹೋಟೆಲಿಗೂ ಆಗದು ಎಂದುಕೊಂಡಿದ್ದೆ. ಬಂದು ಕೇಳಿದರೆ, ನಾನಿಲ್ಲದ ದಿನಗಳಲ್ಲಿ ಸಾಂಬಾರು ಚೆನ್ನಾಗಿತ್ತಂತೆ.)

ಹೊರಡುವ ಸುದ್ದಿ ಹಬ್ಬಿದ್ದೇ ತಡ, ಬಿಲ್ಲು ಕೊಡಲು ಗಲ್ಲಾದ ಮುಂದೆ ನಿಂತವರೆಲ್ಲ ಉಪದೇಶವನ್ನೂ ಕೊಟ್ಟು ಹೋಗತೊಡಗಿದರು. ಬ್ಯಾಗನ್ನು ಯಾರ ಕೈಗೂ ಕೊಡಬೇಡಿ. ಯಾರಾದರೂ ಪೊಟ್ಟಣ ಕೊಟ್ಟರೆ ಮುಟ್ಟಬೇಡಿ. ಏರ್‌ಪೋರ್ಟಿನಲ್ಲಿ ದುಡ್ಡು ಬದಲಾಯಿಸಬೇಡಿ. ಗಲ್ಫ್ ಎಂದರೆ ವಡಾಪಾವ್ ಅಂಗಡಿಯ ಹೆಸರೋ ಎಂದು ಕೇಳುವವನೂ ನನಗೆ ಗಲ್ಫಿನ ರೀತಿ ರಿವಾಜು ತಿಳಿಸಿದ.

ನನಗೆ ಹೇಳಿಕೊಡಬೇಕೇ? ನಾನು ಟೇಬಲ್ ಒರೆಸುವುದರಿಂದ ಶುರು ಮಾಡಿದವನು. ಗಿರಾಕಿಯ ಜೇಬಿನಿಂದ ಟಿಪ್ಸ್ ಎಳೆಯುವ ವಿದ್ಯೆಯೆಲ್ಲ ಗೊತ್ತು. ಹತ್ತರ ನೋಟು ವಾಪಸ್ಸು ಕೊಡಬೇಕಾದಲ್ಲಿ ಬೇಕೆಂದೇ ಚಿಲ್ಲರೆ ಮಾಡಿಸಿ ಸೋಂಪಿನ ತಟ್ಟೆಯಲ್ಲಿ ಹರಡಿಕೊಂಡು ಬರುವುದು. ಗಿರಾಕಿಯ ಜೊತೆ ಹೆಂಗಸರಿದ್ದರೆ ತಟ್ಟೆಯನ್ನು ಅವನ ಮುಂದಿಡದೆ ಅವರ ಮುಂದಿಡುವುದು. ಹೆಂಡತಿಯ ಕಣ್ಣೆದುರು ಚಿಲ್ಲರೆ ಹೆಕ್ಕಲು ಯಾವ ಗಂಡಸಿಗೆ ಮನಸ್ಸು ಬರುತ್ತದೆ? ಟಿಪ್ಸ್ ಕೇಳುವುದು ಬಾಯಲ್ಲ ಸ್ವಾಮಿ, ನಿಲ್ಲುವ ರೀತಿ.

ನನ್ನ ಹೋಟೆಲಿನಲ್ಲಿ ಈ ಆಟ ನಡೆಯುವುದಿಲ್ಲ. ತಟ್ಟೆಯಲ್ಲಿ ಬಿಟ್ಟದ್ದು ಗಲ್ಲಾದ ಪಕ್ಕದ ಡಬ್ಬಿಗೆ ಬೀಳುತ್ತದೆ. ಪಾತ್ರೆ ತೊಳೆಯುವವನಿಗೂ ಅದರಲ್ಲಿ ಪಾಲು. ಖುಷಿಯಿಂದ ಬಿಟ್ಟದ್ದು ಟಿಪ್ಸ್. ನಾಚಿಕೆಯಿಂದ ಬಿಟ್ಟದ್ದು ದಂಡ. ಈ ಮಾತನ್ನು ನಾನು ಹುಡುಗರಿಗೆ ಎಷ್ಟು ಸಲ ಹೇಳಿದ್ದೇನೆಂದರೆ, ಅವರು ನನ್ನ ಬೆನ್ನ ಹಿಂದೆ ನನ್ನದೇ ದನಿಯಲ್ಲಿ ಹೇಳಿ ನಗುತ್ತಾರೆ.

ಆದ್ದರಿಂದ ಟಿಪ್ಸಿನ ಭಯ ನನಗಿರಲಿಲ್ಲ. ಭಯ ಇದ್ದದ್ದು ಒಂದು ಮುದ್ರೆಯ ಬಗ್ಗೆ.

ಈ ಅಂಕಣ ಓದುವವರಿಗೆ ಗೊತ್ತು, ನಾನು ಐದನೇ ಕ್ಲಾಸಿಗೆ ಶಾಲೆ ಬಿಟ್ಟವನು. ಅದನ್ನು ಎಲ್ಲಿಯೂ ಮುಚ್ಚಿಟ್ಟಿಲ್ಲ. ಕನ್ನಡ ಸಂಘದ ಸಭೆಗಳಲ್ಲಿ ನನ್ನನ್ನು ಪರಿಚಯಿಸುವವರು ಅದನ್ನು ಸುತ್ತಿ ಬಳಸಿ ಹೇಳಲು ಹೋದರೆ ನಾನೇ ಎದ್ದು ನೇರವಾಗಿ ಹೇಳುತ್ತೇನೆ. ಆದರೆ ಸರ್ಕಾರ ನನಗಿಂತ ನೇರ. ಮೆಟ್ರಿಕ್ ಪಾಸಾಗದವನ ಪಾಸ್‌ಪೋರ್ಟಿನ ಮೇಲೆ ಅದು ಒಂದು ಮುದ್ರೆ ಒತ್ತುತ್ತದೆ. ಇವನನ್ನು ದೇಶದ ಹೊರಗೆ ಬಿಡುವ ಮೊದಲು ವಿಚಾರಿಸಿ ಎಂಬುದು ಅದರ ಅರ್ಥ. ಓದು ಬರಹ ಇಲ್ಲದ ಕೂಲಿಯವನನ್ನು ಗಲ್ಫಿನಲ್ಲಿ ಕೆಲಸ ಕೊಡಿಸುತ್ತೇನೆಂದು ಏಜೆಂಟರು ಮೋಸ ಮಾಡಬಾರದು, ಅದಕ್ಕೆ ಈ ಕಾನೂನು. ಒಳ್ಳೆಯ ಕಾನೂನು. ಮೋಸದಿಂದ ಕಾಪಾಡುವ ಕಾನೂನು. (ಈ ವಾಕ್ಯವನ್ನು ನೆನಪಿಟ್ಟುಕೊಳ್ಳಿ, ಮುಂದೆ ನಗು ಬರುತ್ತದೆ.)

ಸುಮತಿ ಎಸ್ಸೆಸ್ಸೆಲ್ಸಿ ಪಾಸು. ಅವಳ ಪಾಸ್‌ಪೋರ್ಟು ಬೋಳು. ನನ್ನದಕ್ಕೆ ಮುದ್ರೆ.

ಕೆಲಸಕ್ಕಲ್ಲ, ಮಗಳ ಮನೆಗೆ ಹೋಗಿ ಬರುವವನು ಎಂದು ತೋರಿಸಿದರೆ ವಲಸೆ ಕಚೇರಿಯವರು ಬಿಡುಗಡೆಯ ಇನ್ನೊಂದು ಮುದ್ರೆ ಹಾಕಿಕೊಡುತ್ತಾರೆ. ಹೋಟೆಲನ್ನು ಇನ್ನೊಬ್ಬರಿಗೆ ಒಪ್ಪಿಸಿ, ಲೋಕಲ್ ರೈಲಿನಲ್ಲಿ ನೇತಾಡಿ ಹೋಗಿ, ಕ್ಯೂ ನಿಂತು ಅದನ್ನೂ ಹಾಕಿಸಿಕೊಂಡೆ. ಎಲ್ಲ ಕಾಯಿದೆ ಪ್ರಕಾರ. ಯಾರಿಗೂ ಒಂದು ಚಹಾ ಕೂಡ ಕುಡಿಸಲಿಲ್ಲ. ಮನೆಗೆ ಬಂದು ಸುಮತಿಗೆ ತೋರಿಸಿದೆ. ಅವಳು ಓದಿ, ಸರಿ ಇದೆ ಎಂದಳು.

ಮಧ್ಯಾಹ್ನದ ವಿಮಾನ. ಮುಂಬಯಿ ಏರ್‌ಪೋರ್ಟಿನಲ್ಲಿ ಟ್ಯಾಕ್ಸಿ ಪೂರ್ತಿ ನಿಲ್ಲುವ ಮೊದಲೇ ಡಿಕ್ಕಿಯ ಮೇಲೆ ಕೈಗಳು ಬಿದ್ದವು. ಮುಟ್ಟಬೇಡಿ ಎಂದೆ. ಟ್ರಾಲಿ ತರಲು ಹೋದರೆ ಪ್ರತಿ ಟ್ರಾಲಿಯನ್ನೂ ಒಬ್ಬೊಬ್ಬ ಹಿಡಿದು ನಿಂತಿದ್ದ. (ಟ್ರಾಲಿ ಫ್ರೀ. ಹಿಡಿದು ನಿಂತವನು ಫ್ರೀ ಅಲ್ಲ.) ಬ್ಯಾಗುಗಳನ್ನು ಹೆಗಲಿಗೇರಿಸಿಕೊಂಡೆ. ಅಕ್ಕಿ ಮೂಟೆ ಹೊತ್ತ ಹೆಗಲು, ಇದೇನು ಮಹಾ? ಫಾರ್ಮು ತುಂಬಿಸಿ ಕೊಡುತ್ತೇನೆಂದು ಇನ್ನೊಬ್ಬ ಪೆನ್ನು ಹಿಡಿದು ಬಂದ. ನಮ್ಮ ಮನೆಯಲ್ಲೇ ಓದಿದವರಿದ್ದಾರೆ ಎಂದು ಕಳಿಸಿದೆ. ಸುಮತಿ ಸೆರಗಿನ ಮರೆಯಲ್ಲಿ ನಕ್ಕಳು. ಕೋಟೆ ಗೆದ್ದವನ ಹಾಗೆ ಬಾಗಿಲ ಕಡೆ ನಡೆದೆ.

ಆಗ ಪಕ್ಕದಿಂದ ಒಂದು ದನಿ.

"ಹ್ವಾಯ್, ಕುಂದಾಪ್ರ ಬದಿಯರ್ ಅಲ್ದಾ? ಊರ್ ಎಲ್ಲ್ ಆಯ್ತ್?"

ಮುಗಿಯಿತು.

ಮುಂಬಯಿ ಸೀಮೆಯ ಕನ್ನಡಿಗರಾದ ನಮ್ಮ ರೋಗವೇ ಇದು. ಹೆಸರು ಕೇಳುವ ಮೊದಲು ಊರು ಕೇಳುತ್ತೇವೆ. ಊರು ಸಿಕ್ಕಿತೆಂದರೆ ಹೆಸರಿನ ಅಗತ್ಯವೇ ಬೀಳುವುದಿಲ್ಲ. ಕಲ್ಯಾಣದ ಪ್ಲಾಟ್‌ಫಾರ್ಮಿನಲ್ಲಿ, ಠಾಣೆಯ ಆಸ್ಪತ್ರೆಯಲ್ಲಿ, ಬೇಲಾಪುರದ ಸರ್ಕಾರಿ ಆಫೀಸಿನ ಮೆಟ್ಟಿಲಲ್ಲಿ ಎಲ್ಲಿಯಾದರೂ ನಮ್ಮ ಭಾಷೆ ಕಿವಿಗೆ ಬಿದ್ದರೆ ಸಾಕು, ಹಿಡಿದ ಬ್ಯಾಗಿನ ಬಿಗಿ ತಾನಾಗಿ ಸಡಿಲವಾಗುತ್ತದೆ. ಹಿಂದಿ ಮಾತಾಡಿದವನು ಕಳ್ಳನಿರಬಹುದು, ಮರಾಠಿ ಮಾತಾಡಿದವನು ಕಳ್ಳನಿರಬಹುದು. ಕುಂದಾಪ್ರ ಕನ್ನಡ ಮಾತಾಡಿದವನು ಹೇಗೆ ಕಳ್ಳನಾದಾನು?

ಕೊರಳಲ್ಲಿ ಕಾರ್ಡು, ಇಸ್ತ್ರಿ ಮಾಡಿದ ಅಂಗಿ, ಮೂವತ್ತು ದಾಟಿದ ಮನುಷ್ಯ. ಊರು ಹೇಳಿದೆ. ಅಲ್ಲಿನ ಕೆರೆ ಗೊತ್ತು ಎಂದ. (ಕೆರೆ ಇಲ್ಲದ ಊರು ಎಲ್ಲಿದೆ? ಅದು ಹೊಳೆದದ್ದು ಸಮುದ್ರ ದಾಟಿದ ಮೇಲೆ.) ಡೊಂಬಿವಲಿ ಎಂದದ್ದಕ್ಕೆ, ತನ್ನ ಭಾವ ಪಕ್ಕದ ಕಲ್ಯಾಣದಲ್ಲೇ ಇರುವುದು ಎಂದ. ಸುಮತಿಯನ್ನು ಅಕ್ಕ ಎಂದ, ಬಾಣಂತನಕ್ಕೆ ಎಂದು ತಿಳಿದು ಮಗಳಿಗೆ ಸುಖಪ್ರಸವ ಹಾರೈಸಿದ. ಆಮೇಲೆ, ಕಾಗದ ಪತ್ರ ಸರಿ ಇದೆಯೋ ಒಮ್ಮೆ ನೋಡಿಬಿಡುತ್ತೇನೆಂದು ಕೈ ಚಾಚಿದ. ಹೆಗಲ ಬ್ಯಾಗನ್ನು ಯಾರಿಗೂ ಕೊಡದವನು, ಪಾಸ್‌ಪೋರ್ಟನ್ನು ಅವನಿಗೆ ಕೊಟ್ಟೆ.

ಹಾಳೆ ತಿರುವಿದ. ಮುದ್ರೆಯ ಹತ್ತಿರ ನಿಂತ. ಮುಖ ಸಣ್ಣದಾಯಿತು.

"ಅಣ್ಣ, ಶಾಲಿಗ್ ಎಷ್ಟ್ ಹೋಯಿರಿ?"

ಮೆಲ್ಲಗೆ ಕೇಳಿದ. ಆದರೆ ಸುಮತಿಗೆ ಕೇಳುವಷ್ಟು ಜೋರಾಗಿ ಕೇಳಿದ. ಸೋಂಪಿನ ತಟ್ಟೆಯನ್ನು ಹೆಂಡತಿಯ ಮುಂದಿಡುವ ವಿದ್ಯೆ ಎಂದೆನಲ್ಲ, ಅದೇ ವಿದ್ಯೆ. ಆಗ ನನಗದು ಕಾಣಲಿಲ್ಲ. ಸಾವಿರ ಜನರ ಮುಂದೆ ಐದನೇ ಕ್ಲಾಸು ಎಂದು ಎದೆ ತಟ್ಟಿ ಹೇಳುವವನು, ಅಲ್ಲಿ ಚಪ್ಪಲಿ ನೋಡಿಕೊಂಡು ಹೇಳಿದೆ.

ಅವನು ಹೇಳಿದ್ದರ ಸಾರ ಇಷ್ಟು. ಬಿಡುಗಡೆಯ ಮುದ್ರೆ ಇದೆ, ಒಪ್ಪಿದೆ. ಆದರೆ ಈಗ ಒಳಗಿನ ಆಫೀಸರು ಕಟ್ಟುನಿಟ್ಟು. ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳುತ್ತಾರೆ, ಓದಲು ಹಾಳೆ ಕೊಡುತ್ತಾರೆ. ತಡವರಿಸಿದವರನ್ನು ಪಕ್ಕಕ್ಕೆ ನಿಲ್ಲಿಸುತ್ತಾರೆ. ಅಷ್ಟರಲ್ಲಿ ವಿಮಾನ ಹೋಗುತ್ತದೆ. ಅಕ್ಕನನ್ನು ತಡೆಯುವುದಿಲ್ಲ, ಅವರು ಓದಿದವರು. ಅವರೊಬ್ಬರೇ ಹೋಗಬೇಕಾದೀತು.

ಸುಮತಿ ನನ್ನ ಮುಖ ನೋಡಿದಳು. ಅವಳು ಒಬ್ಬಳೇ ದಾದರಿಗೆ ಹೋಗಿ ಬಂದವಳಲ್ಲ.

ಒಳಗಿನವರ ಜೊತೆ ಮೊದಲೇ ಮಾತಾಡಿಟ್ಟರೆ ಕೆಲಸ ಸಲೀಸು ಎಂದ. ಚಾಯ್‌ಪಾನಿಗೆ ಏನಾದರೂ ಬೇಕು, ತನಗಲ್ಲ, ತನಗೆ ಬೇಡವೇ ಬೇಡ, ನಾವು ಊರಿನವರು. "ನೀವ್ ಹೆದ್ರ್‌ಬೇಡಿ. ನಾನ್ ಇದ್ದೆ ಅಲ್ದಾ?"

ಕೊಟ್ಟೆ. ಅಲ್ಲೇ ಕಂಬದ ಹತ್ತಿರ ನಿಲ್ಲಲು ಹೇಳಿ, ನನ್ನ ಪಾಸ್‌ಪೋರ್ಟು ಹಿಡಿದು ಜನರ ನಡುವೆ ಹೋದ. ಒಳಗೆ ಹೋದನೋ, ಹೋದಂತೆ ಕಂಡನೋ, ದೇವರಿಗೇ ಗೊತ್ತು.

ಕೈಯಲ್ಲಿ ಪಾಸ್‌ಪೋರ್ಟ್ ಇಲ್ಲದೆ ವಿಮಾನ ನಿಲ್ದಾಣದ ಹೊರಗೆ ನಿಂತದ್ದುಂಟೇ ನೀವು? ಸಂತೆಯಲ್ಲಿ ಮಗು ಕಳೆದುಕೊಂಡವರ ಹಾಗೆ ಎಲ್ಲರ ಮುಖ ನೋಡುತ್ತೇವೆ. ನಮ್ಮ ಹಿಂದೆ ಬಂದವರೆಲ್ಲ ಒಳಗೆ ಹೋದರು. ಸುಮತಿ ಬಾಣಂತಿ ಮದ್ದಿನ ಡಬ್ಬಿಯ ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸುತ್ತಿದ್ದಳು. ಕೊನೆಗೆ, ಅವನು ಬಾರದಿದ್ದರೆ ಎಂದಳು. ಬಾರದೆ ಏನು, ನಮ್ಮೂರಿನ ಕಡೆಯವನು ಎಂದು ರೇಗಿದೆ. ರೇಗಿದ್ದು ಅವಳ ಮೇಲಲ್ಲ ಎಂದು ಅವಳಿಗೂ ಗೊತ್ತಿತ್ತು.

ಬಂದ. ಬೆವರು ಒರೆಸಿಕೊಳ್ಳುತ್ತ ಬಂದ, ನನಗಾಗಿ ಎಷ್ಟು ಓಡಾಡಿದ್ದಾನೆ ಎಂದು ಕಾಣಬೇಕಲ್ಲ. ಒಬ್ಬರು ಒಪ್ಪಿದ್ದಾರೆ, ಅವರ ಮೇಲಿನವರು ಉಳಿದಿದ್ದಾರೆ ಎಂದ. ಪಾಸ್‌ಪೋರ್ಟು ಅವನ ಕೈಯಲ್ಲೇ ಇತ್ತು. ಮೇಲಿನವರ ಪಾಲನ್ನೂ ಕೊಟ್ಟು ಬಿಡಿಸಿಕೊಂಡೆ. ಕೊಟ್ಟು ಕೈ ಮುಗಿದೆ. ಓದುಗರೇ, ಕೈ ಮುಗಿದೆ.

ಒಳಗೆ ಕೌಂಟರಿನಲ್ಲಿ ಇದ್ದವರು ಮರಾಠಿ ಹೆಂಗಸು, ನನ್ನ ತಂಗಿಯ ಪ್ರಾಯ. ಪಾಸ್‌ಪೋರ್ಟು ತೆರೆದರು, ಎರಡೂ ಮುದ್ರೆ ನೋಡಿದರು. ನಾನು ಮನಸ್ಸಿನಲ್ಲೇ ಇಂಗ್ಲಿಷ್ ಅಕ್ಷರಗಳನ್ನು ಸಾಲಾಗಿ ನಿಲ್ಲಿಸಿಕೊಂಡಿದ್ದೆ. ಅವರು ನನ್ನ ಕಡೆ ತಿರುಗಲೂ ಇಲ್ಲ, ಸುಮತಿಯನ್ನು ನೋಡಿ ಕೇಳಿದರು.

"ಬಾಳಂತಪಣಾಲಾ ಕಾ?"

ಹೌದು, ಬಾಣಂತನಕ್ಕೇ ಎಂದಳು ಸುಮತಿ. ಆಫೀಸರಮ್ಮ ಠಪ್ಪೆಂದು ಮುದ್ರೆ ಹೊಡೆದು, ಚೆನ್ನಾಗಿ ಎಣ್ಣೆ ಹಚ್ಚಿ ಎರೆಯಿರಿ ಎಂದರು. ಅಷ್ಟೇ. ನಾನು ಬಿಡಬೇಕಲ್ಲ? ನಮ್ಮ ಬಗ್ಗೆ ಯಾರಾದರೂ ಬಂದು ಮಾತಾಡಿದ್ದರೇ ಎಂದು ಕೇಳಿದೆ. ಯಾರು, ಯಾಕೆ ಎಂದು ಅವರು ನನ್ನನ್ನು ಮೊದಲ ಸಲ ನೋಡಿದರು. ಆ ನೋಟದಲ್ಲಿ ಅನುಮಾನವಿತ್ತು. ಅಲ್ಲಿಯವರೆಗೆ ಇರಲಿಲ್ಲ.

ಮೋಸದಿಂದ ಕಾಪಾಡಲು ಒತ್ತಿದ ಮುದ್ರೆ, ಯಾರಿಗೆ ಮೋಸ ಮಾಡಬಹುದು ಎಂದು ತೋರಿಸಿಕೊಡುವ ಗುರುತಾಗಿತ್ತು. ಈಗ ನಗಬಹುದು.

ವಿಮಾನ ಮೇಲೇರಿದ ಮೇಲೆ ಸುಮತಿ ಬಾಯಿ ಬಿಟ್ಟಳು. ದುಡ್ಡಿನ ಮಾತೇ ಎತ್ತಲಿಲ್ಲ.

"ನೀವ್ ಪೇಪರಿಗ್ ಬರೀತ್ರಿ. ಅವ್ನ್ ಶಾಲಿ ಕೇಂಡ್ರೆ ತಲೆ ಕೆಳ್ಗ್ ಹಾಕೂದ್ ಎಂತಕ್ಕೆ?"

ನಾನು ಸೀಟಿನ ಬೆಲ್ಟನ್ನು ಇನ್ನೊಮ್ಮೆ ಬಿಗಿದುಕೊಂಡೆ.

ಮಸ್ಕತ್ತಿನಲ್ಲಿ ಮೊಮ್ಮಗಳು ಹುಟ್ಟಿದಳು. ಮೂಗು ನನ್ನದೇ ಎಂದು ಬೀಗರು ಕೂಡ ಒಪ್ಪಿದ್ದಾರೆ. ಆ ಸಂತೋಷವನ್ನು ಇಲ್ಲಿ ಬರೆದು ಹಾಳು ಮಾಡುವುದಿಲ್ಲ. ಟಿಪ್ಸಿನ ಬಗ್ಗೆ ಮಾತ್ರ ಹೇಳುತ್ತೇನೆ. ಅಳಿಯ ದೊಡ್ಡ ರೆಸ್ಟೋರೆಂಟಿಗೆ ಕರೆದೊಯ್ದ. ಕೈ ತೊಳೆಯಲು ಹೋದರೆ ನಲ್ಲಿ ತಿರುಗಿಸಲು ಒಬ್ಬ, ಒರೆಸುವ ಕಾಗದ ಕೊಡಲು ಅವನೇ. ಪಕ್ಕದ ಬಟ್ಟಲಲ್ಲಿ ಮೊದಲೇ ಒಂದು ನೋಟು. (ಆ ನೋಟನ್ನು ಅವನೇ ಇಟ್ಟದ್ದು. ನಾವೂ ಬೆಳಿಗ್ಗೆ ಖಾಲಿ ತಟ್ಟೆಗೆ ನಮ್ಮದೇ ನಾಣ್ಯ ಹಾಕಿಡುತ್ತಿದ್ದೆವು, ಗಿರಾಕಿಗೆ ದಾರಿ ತೋರಿಸಲು.) ಬಿಲ್ಲಿನಲ್ಲಿ ಸರ್ವಿಸಿನ ಹಣ ಸೇರಿಯೇ ಇತ್ತು. ಆದರೂ ವೇಟರ್ ಹೋಗಲಿಲ್ಲ, ನಗುತ್ತ ನಿಂತ. ಅಳಿಯ ಇಟ್ಟ. ಎಷ್ಟಿಟ್ಟೆ, ಯಾಕಿಟ್ಟೆ ಎಂದು ಕೇಳಿದ್ದಕ್ಕೆ, ಇಡದಿದ್ದರೆ ಏನಂದುಕೊಳ್ಳುತ್ತಾನೆ ಮಾವ ಎಂದ. ಏನಂದುಕೊಳ್ಳುತ್ತಾನೆ! ಲೋಕದ ಅರ್ಧ ವ್ಯಾಪಾರ ಈ ಒಂದು ಹೆದರಿಕೆಯ ಮೇಲೆ ನಡೆಯುತ್ತದೆ. ಐದನೇ ಕ್ಲಾಸಿನವನೂ ಹೆದರುತ್ತಾನೆ, ಬಿ.ಕಾಂ. ಓದಿದ ಅಳಿಯನೂ ಹೆದರುತ್ತಾನೆ.

ಸುಮತಿಯನ್ನು ಬಿಟ್ಟು ನಾನೊಬ್ಬನೇ ಹಿಂತಿರುಗಿದೆ. ಮುಂಬಯಿಯಲ್ಲಿ ಇಳಿದಾಗ ಬ್ಯಾಗು ಎತ್ತಿಕೊಟ್ಟವನು ರಿಯಾಲ್ ಇದೆಯೇ ಎಂದು ಕೇಳಿದ. ರೂಪಾಯಿ ಕೊಡಲು ಹೋದರೆ ಮುಖ ತಿರುಗಿಸಿದ. ನಮ್ಮ ದೇಶದಲ್ಲಿ ನಮ್ಮ ರೂಪಾಯಿಗೆ ಸಿಗುವ ಮರ್ಯಾದೆ ಇದು. ಹೊರಗಿನ ಟ್ಯಾಕ್ಸಿಯವರು ಡೊಂಬಿವಲಿಗೆ ಹೇಳಿದ ದರಕ್ಕೆ ಇನ್ನೊಮ್ಮೆ ಮಸ್ಕತ್ತಿಗೆ ಹೋಗಬಹುದಿತ್ತು. ಹೊರಡುವವರನ್ನು ಇಳಿಸಿದ ಟ್ಯಾಕ್ಸಿಗಳು ಖಾಲಿ ಹೋಗುತ್ತವೆ, ಅವು ಅಗ್ಗ ಎಂದು ಯಾರೋ ಹೇಳಿದ್ದು ನೆನಪಾಗಿ, ಹೊರಡುವವರ ಬಾಗಿಲ ಕಡೆ ನಡೆದೆ.

ಅಲ್ಲಿ ಅವನಿದ್ದ.

ಅದೇ ಕಾರ್ಡು, ಅದೇ ಇಸ್ತ್ರಿ. ಎದುರಿಗೆ ತಲೆಗೆ ರುಮಾಲು ಸುತ್ತಿದ ಮುದುಕ, ಪಕ್ಕದಲ್ಲಿ ಹೊಸ ಶರ್ಟು ಹಾಕಿದ ಮಗ, ಹಗ್ಗ ಬಿಗಿದ ಸೂಟ್‌ಕೇಸು. ಮಗ ಗಲ್ಫಿಗೆ ಕೂಲಿಗೆ ಹೊರಟಿದ್ದಾನೆ ಎಂದು ನೋಡಿದರೇ ತಿಳಿಯುತ್ತಿತ್ತು. ಮಗನ ಪಾಸ್‌ಪೋರ್ಟು ಆಗಲೇ ಕಾರ್ಡಿನವನ ಕೈಯಲ್ಲಿತ್ತು. ಹತ್ತಿರ ಹೋದೆ. ಹೋದಂತೆ ಅವನ ಮಾತು ಕೇಳಿಸಿತು.

"ಘಣಸೋಲಿಯಾಗ ಇರ್ತೀರೇನು? ನಮ್ಮ ಮಾವಾ ಅಲ್ಲೇ ಅದಾನ. ಚಿಂತಿ ಮಾಡಬ್ಯಾಡ್ರಿ ಯಪ್ಪಾ, ನಾ ಅದೀನಲ್ಲ."

ರಾಯಚೂರಿನ ಕನ್ನಡ. ಒಂದು ಅಕ್ಷರ ಅತ್ತಿತ್ತ ಇಲ್ಲ.

ನಿಂತಲ್ಲೇ ನಿಂತೆ. ಅಲ್ಲಿಯವರೆಗೆ ನಮ್ಮೂರಿನವನೊಬ್ಬ ನನಗೆ ಮೋಸ ಮಾಡಿದ ಎಂದು ಸಂಕಟಪಡುತ್ತಿದ್ದೆ. ಅವನು ಯಾವ ಊರಿನವನೂ ಅಲ್ಲ. ಎಲ್ಲ ಊರುಗಳ ಕನ್ನಡವೂ ಅವನ ಬಳಿ ಇತ್ತು, ಬೀಗದ ಕೈಗಳ ಗೊಂಚಲಿನ ಹಾಗೆ. ಎಲ್ಲಿ ಕಲಿತ? ಇಲ್ಲೇ. ನಾವು ಬಾಡಿಗೆಗಿರುವ ಚಾಳುಗಳಲ್ಲಿ, ನಮ್ಮಂಥವರ ಹೋಟೆಲುಗಳಲ್ಲಿ. ಕರಾವಳಿ, ಬಯಲುಸೀಮೆ, ಬೆಂಗಳೂರು ಎಲ್ಲ ಕನ್ನಡಗಳೂ ನನ್ನ ಗಲ್ಲಾದ ಮುಂದೆಯೂ ದಿನಾ ಬಂದು ನಿಲ್ಲುತ್ತವೆ. ನಾನು ಬಿಲ್ಲು ತೆಗೆದುಕೊಂಡು ಸುಮ್ಮನಾದೆ. ಅವನು ಕಿವಿಗೊಟ್ಟು ಕಲಿತ.

ಮುದುಕನಿಗೆ ಹೇಳಿದೆ. ಇವನಿಗೆ ಏನೂ ಕೊಡಬೇಡಿ, ಪಾಸ್‌ಪೋರ್ಟು ವಾಪಸ್ಸು ತೆಗೆದುಕೊಳ್ಳಿ, ಒಳಗೆ ಯಾರೂ ಏನೂ ಕೇಳುವುದಿಲ್ಲ, ನನಗೂ ಹೀಗೇ ಮಾಡಿದ ಎಂದೆ. ಗಾಬರಿಯಲ್ಲಿ ನನ್ನ ಬಾಯಿಂದ ಬಂದದ್ದು ಅರ್ಧ ಕುಂದಾಪ್ರ, ಅರ್ಧ ಈ ಪತ್ರಿಕೆಯ ಕನ್ನಡ. ಮುದುಕ ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ನೀವ್ಯಾರ್ರೀ? ಇವ್ರು ನಮ್ಮ ಕಡೇರು."

ಮಾತಿನಿಂದ ಆಗದು ಎಂದು, ನನ್ನ ಪಾಸ್‌ಪೋರ್ಟು ತೆಗೆದು ಬಿಚ್ಚಿ ತೋರಿಸಿದೆ. ನೋಡಿ, ನನಗೂ ಇದೇ ಮುದ್ರೆ, ನಾನೂ ನಿಮ್ಮ ಹಾಗೆ ಶಾಲೆ ಬಿಟ್ಟವನು. ಈ ಸಲ ತಲೆ ಎತ್ತಿ, ಜೋರಾಗಿಯೇ ಹೇಳಿದೆ. ಹೇಳಿ ಏನು ಪ್ರಯೋಜನ? ಮುದುಕನಿಗೆ ಓದಲು ಬರದು. ಅವನಿಗೆ ಕಂಡದ್ದು ಇಷ್ಟೇ: ಗುರುತಿಲ್ಲದವನೊಬ್ಬ ಪಾಸ್‌ಪೋರ್ಟು ಹಿಡಿದು ಮೈಮೇಲೆ ಬರುತ್ತಿದ್ದಾನೆ.

"ನೋಡಿದ್ರೇನು? ಇವ್ರೂ ಏಜೆಂಟ್ರು," ಎಂದ ಕಾರ್ಡಿನವನು, ನಗುತ್ತ. ನನ್ನ ಗುರುತು ಅವನಿಗೆ ಹತ್ತಿತ್ತು. ಒಂಚೂರೂ ಅಳುಕಲಿಲ್ಲ.

ಮುದುಕ ಮಗನನ್ನು ಬೆನ್ನ ಹಿಂದೆ ಎಳೆದುಕೊಂಡ. ಕೆಟ್ಟವನಲ್ಲ ಅವನು, ಬೈಯಲಿಲ್ಲ. ಒಳಜೇಬಿನಿಂದ ಒಂದು ಎರಡು ರೂಪಾಯಿ ನೋಟು ತೆಗೆದ. ನಾನು ಬೇಡ ಬೇಡ ಎನ್ನುವಷ್ಟರಲ್ಲಿ ನನ್ನ ಅಂಗಿಯ ಜೇಬಿಗೆ ತುರುಕಿ, ಚಾ ಕುಡೀರಿ, ಹೋಗ್ರಿ, ನಮ್ಮ ಹುಡುಗನ ಕೆಲಸ ಕೆಡಿಸಬ್ಯಾಡ್ರಿ ಎಂದು ಕೈ ಮುಗಿದ. ಕಾರ್ಡಿನವನು ಪಾಸ್‌ಪೋರ್ಟು ಹಿಡಿದು ಜನರ ನಡುವೆ ಹೋದ. ಅಪ್ಪ ಮಗ ಕಂಬದ ಹತ್ತಿರ ನಿಂತು ಕಾಯತೊಡಗಿದರು.

ನಿಜ ಹೇಳುವವನ ಬಾಯಿ ಮುಚ್ಚಿಸಲು ಎರಡು ರೂಪಾಯಿ ಕೊಟ್ಟ ಆ ಮುದುಕ, ಸುಳ್ಳು ಹೇಳಿದವನಿಗೆ ಎಷ್ಟು ಕೊಟ್ಟಿರಬಹುದು?